ದಸರಾ ರಜೆಯಲ್ಲಿ ಐದು ರಾತ್ರಿ ಡೇರೆ, ದಿನವೂ ಸರ್ಫಿಂಗ್: ಬೆಂಗಳೂರಿನ ಕುಟುಂಬಕ್ಕೆ ಇದು ಆಗುವ ಮಾತೇ?

ತ್ಯಾಗರಾಜನಗರದ ಅಪ್ಪ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಐವರಿದ್ದೇವೆ: ನಾನು, ನನ್ನ ಹೆಂಡತಿ, 13 ವರ್ಷದ ಮಗಳು, 9 ವರ್ಷದ ಮಗ ಮತ್ತು ನಮ್ಮೊಂದಿಗೇ ಇರುವ 66 ವರ್ಷದ ಅತ್ತೆಯವರು. ಕಳೆದ ಬೇಸಿಗೆಯಲ್ಲಿ ಮೂಲ್ಕಿಯ ಬಳಿ ಮಕ್ಕಳಿಬ್ಬರೂ ಒಂದೂವರೆ ಗಂಟೆಯ ಸರ್ಫಿಂಗ್ ಪಾಠ ಹೇಳಿಸಿಕೊಂಡು ಬಂದರು. ಅಂದಿನಿಂದ ದಿವಾನದ ಮೇಲೆ ಬೋರಲಾಗಿ ಮಲಗಿ ಒಂದೇ ನೆಗೆತಕ್ಕೆ ಎದ್ದು ನಿಲ್ಲುವ ಅಭ್ಯಾಸ ನಿತ್ಯವೂ ನಡೆದಿದ್ದು, ಕೆಳಗಿನ ಮನೆಯವರು ಎರಡು ಸಲ ಬಂದು ವಿಚಾರಿಸಿಕೊಂಡು ಹೋಗಿದ್ದಾರೆ.

ಈ ದಸರಾ ರಜೆಯಲ್ಲಿ ಕರಾವಳಿಯಲ್ಲಿ ಐದು ರಾತ್ರಿ ಡೇರೆ ಹೂಡಿಕೊಂಡು, ಪ್ರತಿದಿನ ಬೆಳಿಗ್ಗೆ ಅತ್ತೆಯವರನ್ನು ಬಿಟ್ಟು ನಾಲ್ವರೂ ಅಲೆಗಿಳಿಯಬೇಕೆಂಬುದು ನಮ್ಮ ಆಲೋಚನೆ. ದಿನಕ್ಕೆ ನಾಲ್ಕು ಊರು ಸುತ್ತಿ, ಕಾರಿನಲ್ಲೇ ನಿದ್ದೆ ಮಾಡಿ ಬರುವ ಪ್ರವಾಸ ಸಾಕಾಗಿದೆ. ಆದರೆ ಆ ತಿಂಗಳಲ್ಲಿ ಕಡಲು ಹೊಸಬರಿಗೆ ತಕ್ಕುದಾಗಿರುತ್ತದೆಯೇ, ಡೇರೆ ಎಲ್ಲಿ ಹೂಡಬೇಕು, ನೀರಿಗಿಳಿಯದ ಹಿರಿಯರು ಐದು ದಿನ ಏನು ಮಾಡಬೇಕು ಎಂಬುದು ತಿಳಿಯುತ್ತಿಲ್ಲ. ನನಗೆ ಮತ್ತು ಮಗಳಿಗೆ ಚೆನ್ನಾಗಿ ಈಜು ಬರುತ್ತದೆ. ಹೆಂಡತಿ ಕಳೆದ ವರ್ಷವಷ್ಟೇ ಕಲಿತಿದ್ದಾಳೆ. ಮಗ ಕೊಳದಲ್ಲಿ ಒಂದು ಉದ್ದ ಮುಗಿಸುತ್ತಾನೆ.

ಅಳಿವೆಬಾಗಿಲು (ಹುಟ್ಟೂರು ಹೆಜಮಾಡಿ, ಈಗ ವಿಜಯನಗರ):

ಅಕ್ಟೋಬರ್ ಒಳ್ಳೆಯ ಆಯ್ಕೆ, ಆದರೆ ಯಾವ ಕಾರಣಕ್ಕೆ ಒಳ್ಳೆಯದು ಎಂಬುದನ್ನು ತಿಳಿದುಕೊಂಡು ಬನ್ನಿ. ನಮ್ಮ ಕಡಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರ ಮಾತನ್ನೂ ಕೇಳುವುದಿಲ್ಲ; ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುತ್ತದೆ. ಮಳೆಗಾಲ ಮುಗಿದ ಮೇಲೆ ಅಲೆ ಇಳಿಯುತ್ತ ಬಂದು ಡಿಸೆಂಬರ್, ಜನವರಿಯ ಹೊತ್ತಿಗೆ ಕೆಲವು ದಿನ ಕೆರೆಯಂತಾಗಿಬಿಡುತ್ತದೆ. ಅಕ್ಟೋಬರ್ ಇವೆರಡರ ನಡುವಿನ ಕಾಲ. ಮೊಣಕಾಲಿನಿಂದ ಸೊಂಟದ ಎತ್ತರದ ಅಲೆ ಸಿಕ್ಕರೆ ಮಕ್ಕಳಿಗೆ ಅದಕ್ಕಿಂತ ಹೆಚ್ಚಿನದು ಬೇಡ. 2016ರಲ್ಲಿ ಮೂಲ್ಕಿ ಬಳಿಯ ಸಸಿಹಿತ್ಲಿನಲ್ಲಿ ನಡೆದ ಸ್ಪರ್ಧೆಯಾದ ಇಂಡಿಯನ್ ಓಪನ್ ಆಫ್ ಸರ್ಫಿಂಗ್‌ನ ಚಿತ್ರಗಳನ್ನು ನೋಡಿ ಮಕ್ಕಳು ದೊಡ್ಡ ಅಲೆಯ ಕನಸು ಕಾಣುತ್ತಿದ್ದರೆ, ಅದು ಮೇ ತಿಂಗಳ ಕೊನೆಯ ಕಡಲು ಎಂದು ಮೊದಲೇ ಹೇಳಿಬಿಡಿ.

ಇನ್ನೊಂದು ವಿಷಯ ಪಂಚಾಂಗದ್ದು. ನವರಾತ್ರಿ ಆರಂಭವಾಗುವುದು ಅಮಾವಾಸ್ಯೆಯ ಮರುದಿನ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವಿಳಿತದ ಅಂತರ ಅತಿ ಹೆಚ್ಚು. ಅಷ್ಟಮಿಯಾಗಿ ಒಂದೆರಡು ದಿನಕ್ಕೆ ಅತಿ ಕಡಿಮೆ. ಹಾಗಾಗಿ ದುರ್ಗಾಷ್ಟಮಿಯಿಂದ ವಿಜಯದಶಮಿಯ ಮರುದಿನದವರೆಗೆ ಅಳಿವೆಯ, ಅಂದರೆ ನದಿ ಕಡಲು ಸೇರುವ ಬಾಯಿಯ, ಸೆಳೆತ ತುಸು ಸೌಮ್ಯವಾಗಿರುತ್ತದೆ. ನಮ್ಮ ಮನೆಯ ಹಿರಿಯರು ಬಲೆ ಹೊತ್ತು ಹೊರಡುವ ಮುನ್ನ ತಿಥಿ ಕೇಳುತ್ತಿದ್ದುದು ಇದಕ್ಕೇ, ಭಕ್ತಿಯಿಂದ ಮಾತ್ರವಲ್ಲ.

ಉಬ್ಬರದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಮೊದಲ ದಿನ ಬೆಳಿಗ್ಗೆ 7ಕ್ಕೆ ನೀರಿನಡಿಯ ಮರಳದಿಣ್ಣೆಯ ಮೇಲೆ ಚೆನ್ನಾಗಿ ಮುರಿಯುತ್ತಿದ್ದ ಅಲೆ ಐದನೆಯ ದಿನ ಅದೇ ಹೊತ್ತಿಗೆ ನೇರವಾಗಿ ದಡಕ್ಕೆ ಬಡಿಯಬಹುದು. ಗಾಳಿ ಮಾತ್ರ ಗಡಿಯಾರದಂತೆ ನಡೆಯುತ್ತದೆ: ಬೆಳಿಗ್ಗೆ 9, 10ರವರೆಗೆ ನೆಲದಿಂದ ಕಡಲಿಗೆ ಬೀಸಿ ಅಲೆಯ ಮುಖವನ್ನು ನಯವಾಗಿಡುತ್ತದೆ, ಅನಂತರ ಕಡಲಗಾಳಿ ಎದ್ದು ಎಲ್ಲವನ್ನೂ ಕಲಕಿಹಾಕುತ್ತದೆ. ಆದ್ದರಿಂದ ಸೂರ್ಯೋದಯದಿಂದ ಮೂರು ಗಂಟೆಯ ಕಾಲ ನಿಮ್ಮದು. ಊಟ, ನಿದ್ದೆ, ದೇವಸ್ಥಾನ ಎಲ್ಲವೂ ಆ ಮೂರು ಗಂಟೆಗೆ ಹೊಂದಿಕೊಳ್ಳಬೇಕು.

ಹಲಸೂರಿನ ಹಲಗೆ:

ನಾನು ಆರು ವರ್ಷಗಳಿಂದ ಚೆನ್ನೈ ಬಳಿಯ ಕೋವಳಂಗೆ ಹೋಗುತ್ತಿದ್ದೇನೆ. ದೂರ ಹೆಚ್ಚುಕಡಿಮೆ ಅಷ್ಟೇ, ಸುಮಾರು 350 ಕಿಲೋಮೀಟರ್, ಆದರೆ ಘಟ್ಟ ಇಳಿಯುವ ತಾಪತ್ರಯವಿಲ್ಲ. ಅಲ್ಲಿನ ಮೀನುಗಾರರ ಮಕ್ಕಳು ಕಲಿಸುವ ರೀತಿ ನೋಡುವಂತಿರುತ್ತದೆ. ಅಲ್ಲಿಗೇ ಹೋಗಬಾರದೇಕೆ?

ಅಳಿವೆಬಾಗಿಲು:

ಜುಲೈಯಲ್ಲಿ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮುಂಗಾರು ನಮ್ಮ ಕಡಲನ್ನು ಮುಚ್ಚಿದಾಗ ಪೂರ್ವದ ಕಡಲು ತೆರೆದಿರುತ್ತದೆ. ಆದರೆ ಅಕ್ಟೋಬರ್ ಮೂರನೆಯ ವಾರದ ಹೊತ್ತಿಗೆ ಹಿಂಗಾರು ತಮಿಳುನಾಡಿನ ಕರಾವಳಿಯನ್ನು ಹಿಡಿಯುತ್ತದೆ, ವಾಯುಭಾರ ಕುಸಿತದ ಕಾಲವೂ ಅದೇ. ಮೊದಲ ಬಾರಿ ಡೇರೆ ಹೂಡುವವರು, ಅದೂ ಮಕ್ಕಳು ಮತ್ತು ಹಿರಿಯರೊಂದಿಗೆ, ಆಗ ಅಲ್ಲಿಗೆ ಹೋಗಬಾರದು.

ಹಲಸೂರಿನ ಹಲಗೆ:

ಒಪ್ಪಿದೆ. ಎರಡು ವರ್ಷದ ಹಿಂದೆ ನವೆಂಬರಿನಲ್ಲಿ ಹೋಗಿ ಮೂರು ದಿನ ಕೋಣೆಯೊಳಗೆ ಕುಳಿತು ಇಸ್ಪೀಟು ಆಡಿ ಬಂದವನು ನಾನೇ.

ಸದಾಶಿವನಗರದ ಈಜುಗಾರ್ತಿ:

ನಿಮ್ಮ ಹುಮ್ಮಸ್ಸಿಗೆ ತಣ್ಣೀರೆರಚುವ ಉದ್ದೇಶ ನನಗಿಲ್ಲ. ಆದರೆ ಕೊಳದಲ್ಲಿ ಒಂದು ಉದ್ದ ಮುಗಿಸುವುದು ಕಡಲಿಗೆ ಸಾಲುವ ಈಜಲ್ಲ. ನಾನು ಮಕ್ಕಳಿಗೆ ಈಜು ಕಲಿಸುವವಳು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲುಪಾಲಾದ ಸುದ್ದಿ ಓದಿದ ದಿನ ನನಗೆ ಪಾಠ ಮಾಡಲಾಗಲಿಲ್ಲ. ಬಯಲುಸೀಮೆಯ ನಾವು ಕಡಲನ್ನು ದೊಡ್ಡ ಕೆರೆಯೆಂದು ತಿಳಿಯುತ್ತೇವೆ. ಕೆರೆಯಲ್ಲಿ ನೀರು ನಿಂತಿರುತ್ತದೆ, ಕಡಲಿನಲ್ಲಿ ನೀರಿಗೆ ದಾರಿಗಳಿವೆ.

ಅಂಥ ದಾರಿಗಳಲ್ಲಿ ಮುಖ್ಯವಾದದ್ದು ರಿಪ್ ಎಂದು ಕರೆಯುವ ಸೆಳೆತ. ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳದಿಣ್ಣೆಗಳ ನಡುವಿನ ತಗ್ಗಿನಲ್ಲಿ ಒಟ್ಟುಗೂಡಿ, ಕಿರಿದಾದ ಓಣಿಯಂತೆ ಹಿಂದಕ್ಕೆ ಹರಿಯುತ್ತದೆ. ಆ ಓಣಿಯಲ್ಲಿ ನೀರು ಆಳವಾಗಿರುವುದರಿಂದ ಅಲೆ ಅಲ್ಲಿ ಮುರಿಯುವುದಿಲ್ಲ. ಇಕ್ಕೆಲದಲ್ಲಿ ಬಿಳಿ ನೊರೆ, ನಡುವೆ ಶಾಂತವಾದ, ತುಸು ಕಪ್ಪಾದ ನೀರು ಕಾಣುತ್ತದೆ. ಹೊಸಬರು ಶಾಂತವಾಗಿದೆಯೆಂದು ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತಾರೆ. ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ತಲುಪುತ್ತದೆ, ಒಲಿಂಪಿಕ್ ಈಜುಗಾರನೂ ಅದರ ಎದುರು ಹೆಚ್ಚು ಹೊತ್ತು ಈಜಲಾರ. ಸಿಕ್ಕಿಕೊಂಡರೆ ಎದುರು ಈಜದೆ, ಹಲಗೆಯನ್ನು ಬಿಡದೆ, ದಡಕ್ಕೆ ಸಮಾನಾಂತರವಾಗಿ ಸಾಗಿ ನೊರೆ ಇರುವ ಕಡೆಯಿಂದ ಮರಳಬೇಕು. ಆಗದಿದ್ದರೆ ಹಲಗೆಯ ಮೇಲೆ ಮಲಗಿ ಕೈ ಎತ್ತಿ ಕರೆಯಬೇಕು.

ಹೊರಡುವ ಮುನ್ನ ನಾಲ್ವರೂ ಕೊಳದಲ್ಲಿ ಬಟ್ಟೆಸಹಿತ ಹತ್ತು ನಿಮಿಷ ಕೇವಲ ತೇಲುವ ಅಭ್ಯಾಸ ಮಾಡಿ. ಮಗ ಸೊಂಟದಾಳದ ನೊರೆ ಅಲೆಯಲ್ಲಿ ಮಾತ್ರ, ತರಬೇತುದಾರರ ಕೈಯಳತೆಯಲ್ಲಿ ಇರಲಿ. ನಿಮ್ಮ ಅತ್ತೆಯವರಿಗೆ ಕೆಲಸವಿಲ್ಲವೆಂದಿರಲ್ಲ, ಎಲ್ಲರಿಗಿಂತ ದೊಡ್ಡ ಕೆಲಸ ಅವರದೇ. ದಡದಲ್ಲಿ ಒಬ್ಬರು ಒಣಗಿದ ಬಟ್ಟೆಯಲ್ಲಿ, ಫೋನ್ ನೋಡದೆ, ತಲೆ ಎಣಿಸುತ್ತ ಕುಳಿತಿರಬೇಕು. ಕೈಗೆ ಒಂದು ಸೀಟಿ ಕೊಡಿ: ಒಂದು ಸಲ ಊದಿದರೆ ನನ್ನ ಕಡೆ ನೋಡಿ ಎಂದು, ಎರಡು ಸಲ ಊದಿದರೆ ಎಲ್ಲರೂ ಹೊರಗೆ ಎಂದು.

ಯಲಹಂಕದ ಡೇರೆಗಾರ:

ಡೇರೆಯ ಬಗ್ಗೆ ನಾನು ಹೇಳುತ್ತೇನೆ. ಸಾರ್ವಜನಿಕ ಕಡಲತೀರದಲ್ಲಿ ಅನುಮತಿಯಿಲ್ಲದೆ ಹೂಡುವ ಯೋಚನೆ ಬಿಡಿ. ನಡುರಾತ್ರಿ ಎಬ್ಬಿಸಿ ಕಳುಹಿಸಿದರೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತೀರಿ? ಕಡಲಿಗೆ ಐದು ನಿಮಿಷದ ನಡಿಗೆಯಲ್ಲಿ, ಯಾರದಾದರೂ ಮನೆಯ ಹಿತ್ತಿಲನ್ನೋ ಹೋಂಸ್ಟೇಯ ಅಂಗಳವನ್ನೋ ಬಾಡಿಗೆಗೆ ಕೇಳಿ. ಶೌಚಾಲಯ, ಬಾವಿಯ ಸಿಹಿನೀರು, ಮಳೆ ಬಂದರೆ ಓಡಿಹೋಗಲು ಜಗಲಿ, ಈ ಮೂರೂ ಇದ್ದರೆ ಮಾತ್ರ ಒಪ್ಪಿಕೊಳ್ಳಿ. ಅಳಿವೆಯ ಹತ್ತಿರ ಬಾವಿಯ ನೀರು ಉಪ್ಪಾಗಿರುವುದುಂಟು, ಕುಡಿದು ನೋಡಿ.

ಬೆಂಗಳೂರಿಗರು ತಪ್ಪದೆ ಮಾಡುವ ತಪ್ಪೆಂದರೆ ತೆಂಗಿನ ಮರದ ಕೆಳಗೆ ಡೇರೆ ಹೂಡುವುದು. ಫೋಟೊಗೆ ಚೆಂದ, ತಲೆಗೆ ಚೆಂದವಲ್ಲ. ಒಣಗಿದ ಮಡಲು ಬಿದ್ದರೂ ಡೇರೆ ಹರಿಯುತ್ತದೆ. ಗಾಳಿಮರದ ತೋಪು ಉತ್ತಮ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲವಾದ್ದರಿಂದ, ಅಕ್ಕಿ ಚೀಲದಂಥ ಸಣ್ಣ ಚೀಲಗಳಿಗೆ ಮರಳು ತುಂಬಿ, ಹಗ್ಗವನ್ನು ಅದಕ್ಕೆ ಬಿಗಿದು ಒಂದು ಮೊಳ ಆಳದಲ್ಲಿ ಹೂತುಬಿಡಿ. ಎರಡು ಬದಿಯಲ್ಲೂ ಜಾಲರಿ ಕಿಟಕಿಯಿರುವ ಡೇರೆಯನ್ನೇ ತನ್ನಿ. ಮಲೆನಾಡಿನ ಚಳಿಗೆಂದು ಕೊಂಡದ್ದು ಇಲ್ಲಿ ಹಬೆಯ ಪಾತ್ರೆಯಾಗುತ್ತದೆ. ಅಲ್ಲಿ ರಾತ್ರಿಯಿಡೀ ಹರವಿದರೂ ಬಟ್ಟೆ ಒಣಗುವುದಿಲ್ಲ, ಆದ್ದರಿಂದ ನೀರಿಗಿಳಿಯುವ ಉಡುಪು ತಲಾ ಎರಡು ಜೊತೆ ಇರಲಿ.

ಬನಶಂಕರಿ ಎರಡನೇ ಹಂತ:

ಎಲ್ಲವನ್ನೂ ಓದಿದೆ. ಹೋಂಸ್ಟೇಯ ಅಂಗಳದಲ್ಲೇ ಡೇರೆ ಹೂಡುವುದಾದರೆ, ಅದರ ಬದಲು ಹೋಂಸ್ಟೇಯ ಕೋಣೆಯಲ್ಲೇ ಫ್ಯಾನ್ ಹಾಕಿಕೊಂಡು ಮಲಗಬಾರದೇಕೆ? ಮಂಡಿನೋವಿರುವ ವಯಸ್ಸಿನವರನ್ನು ನೆಲದ ಮೇಲೆ ಮಲಗಿಸುವುದು ಯಾವ ಸಂಭ್ರಮ? ಕ್ಷಮಿಸಿ, ಇದು ನನಗೆ ವಿಡಿಯೊ ನೋಡಿ ಹುಟ್ಟಿದ ಆಸೆಯಂತೆ ಕಾಣುತ್ತಿದೆ.

ತ್ಯಾಗರಾಜನಗರದ ಅಪ್ಪ:

ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ. ಅತ್ತೆಯವರಿಗೆ ಒಂದು ಕೋಣೆ ಹಿಡಿಯುವುದೆಂದು ತೀರ್ಮಾನಿಸಿದ್ದೇವೆ, ಅವರೂ ಒಪ್ಪಿದ್ದಾರೆ. ನಮಗೆ ಡೇರೆ ಏಕೆಂದರೆ, ಕಳೆದ ಬಾರಿ ಕೋಣೆಯಲ್ಲಿದ್ದಾಗ ನಾವು ಏಳುತ್ತಿದ್ದುದೇ 8ಕ್ಕೆ. ತಿಂಡಿ ಮುಗಿಸಿ ಕಡಲಿಗೆ ಬರುವಷ್ಟರಲ್ಲಿ ಅಳಿವೆಬಾಗಿಲು ಅವರು ಹೇಳಿದ ಗಾಳಿ ಎದ್ದಿರುತ್ತಿತ್ತು. ಡೇರೆಯಲ್ಲಿ ಮಲಗಿದವನನ್ನು ಬೆಳಕೇ ಎಬ್ಬಿಸುತ್ತದೆ.

ವೈಟ್‌ಫೀಲ್ಡ್ ವಾರಾಂತ್ಯ:

ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಪ್ರತಿದಿನ ಅಲೆಯ ಮುನ್ಸೂಚನೆ ನೀಡುತ್ತದೆ. ಅದರಲ್ಲಿ ಎತ್ತರವನ್ನಷ್ಟೇ ನೋಡಬೇಡಿ, ಒಂದು ಅಲೆಗೂ ಮುಂದಿನದಕ್ಕೂ ಎಷ್ಟು ಸೆಕೆಂಡಿನ ಅಂತರವಿದೆ ಎಂಬುದನ್ನೂ ನೋಡಿ. ಒಂದೇ ಎತ್ತರದ ಎರಡು ಅಲೆಗಳಲ್ಲಿ 14 ಸೆಕೆಂಡಿನದು 7 ಸೆಕೆಂಡಿನದಕ್ಕಿಂತ ಎರಡರಷ್ಟು ಶಕ್ತಿ ಹೊತ್ತು ತರುತ್ತದೆ. ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಪಯಣಿಸಿ, ಇಲ್ಲಿ ಗಾಳಿಯೇ ಇಲ್ಲದ ದಿನ ದಡಕ್ಕೆ ನುಗ್ಗುವುದನ್ನು ಕೇರಳದವರು ಕಳ್ಳಕಡಲು ಎನ್ನುತ್ತಾರೆ. ಆ ಎಚ್ಚರಿಕೆ ಬಂದ ದಿನ ಯಾರೂ ನೀರಿಗಿಳಿಯಬಾರದು.

ಸದಾಶಿವನಗರದ ಈಜುಗಾರ್ತಿ:

ಹಲಗೆಯ ಬಗ್ಗೆ ಯಾರೂ ಹೇಳಲಿಲ್ಲ. ದೊಡ್ಡವರಿಗೆ 8ರಿಂದ 9 ಅಡಿಯ, ಮೆದು ಫೋಮಿನ ಹಲಗೆ ಬೇಕು. ಗಟ್ಟಿ ಫೈಬರ್‌ನದು ತಿರುಗಿ ಬಂದು ಹಲ್ಲಿಗೆ ಬಡಿದರೆ ರಜೆ ಮುಗಿದಂತೆಯೇ. ಕಾಲಿಗೆ ಕಟ್ಟುವ ಹಗ್ಗ ಯಾವಾಗಲೂ ಹಿಂದಿರುವ ಕಾಲಿಗೆ. ಹಲಗೆಯನ್ನು ಎಂದಿಗೂ ಕಡಲಿಗೂ ನಿಮ್ಮ ದೇಹಕ್ಕೂ ನಡುವೆ ಅಡ್ಡವಾಗಿ ಹಿಡಿಯಬೇಡಿ.

ಅಳಿವೆಬಾಗಿಲು:

ಒಂದು ವಿನಂತಿ. ಬೆಳಗಿನ ಹೊತ್ತು ದಡದಲ್ಲಿ ಮೀನುಗಾರರು ಕೈರಂಪಣಿ ಬಲೆ ಎಳೆಯುತ್ತಿದ್ದರೆ, ಬಲೆ ಪೂರ್ತಿ ಮೇಲೆ ಬರುವವರೆಗೆ ಆ ಭಾಗದಲ್ಲಿ ನೀರಿಗಿಳಿಯಬೇಡಿ. ನಿಮ್ಮದು ರಜೆ, ಅವರದು ಆ ದಿನದ ಅನ್ನ. ಸಾಧ್ಯವಾದರೆ ಹಗ್ಗಕ್ಕೆ ಕೈಹಚ್ಚಿ; ಬಂಗುಡೆ ಸಿಕ್ಕ ದಿನ ಬರಿಗೈಯಲ್ಲಿ ಕಳುಹಿಸುವವರಲ್ಲ.

ತ್ಯಾಗರಾಜನಗರದ ಅಪ್ಪ (ಮರಳಿ ಬಂದ ಮೇಲೆ):

ಹೋಗಿ ಬಂದೆವು. ಇಷ್ಟು ಜನ ಸಮಯ ಕೊಟ್ಟು ಬರೆದಿದ್ದೀರಿ, ನಡೆದದ್ದನ್ನು ನಡೆದ ಹಾಗೆಯೇ ತಿಳಿಸುವುದು ನನ್ನ ಕರ್ತವ್ಯ.

ಹಾಸನ, ಸಕಲೇಶಪುರದ ಮೂಲಕ ಶಿರಾಡಿ ಘಟ್ಟ ಇಳಿದು, ಅಲ್ಲಲ್ಲಿ ನಿಂತು ಸಾಗಿ ಮೂಲ್ಕಿ ತಲುಪುವಷ್ಟರಲ್ಲಿ ಒಂಬತ್ತೂವರೆ ಗಂಟೆ ಹಿಡಿಯಿತು. ಊರಿನಿಂದ ತುಸು ಒಳಗೆ, ಶಾಂಭವಿ ನದಿಗೂ ಕಡಲಿಗೂ ನಡುವಿನ ಒಂದು ಮನೆಯ ಹಿತ್ತಿಲು ಸಿಕ್ಕಿತು. ಮೊದಲ ದಿನ ತರಬೇತುದಾರರು ನಮ್ಮನ್ನು ಅರ್ಧ ಗಂಟೆ ನೀರಿಗೇ ಬಿಡದೆ ದಡದಲ್ಲಿ ಕೂರಿಸಿ, ಅಲೆ ಎಲ್ಲಿ ಮುರಿಯುತ್ತಿದೆ, ಎಲ್ಲಿ ಮುರಿಯುತ್ತಿಲ್ಲ ಎಂದು ತೋರಿಸಿ ಹೇಳಿಸಿದರು. ಮಗ ಚಡಪಡಿಸಿದ. ನನಗೆ ಮಾತ್ರ ಆ ಅರ್ಧ ಗಂಟೆಯಲ್ಲಿ ಕಡಲೊಂದು ನಕ್ಷೆಯಂತೆ ಕಾಣತೊಡಗಿತು.

ಎರಡನೆಯ ರಾತ್ರಿ ಗುಡುಗು ಮಿಂಚಿನ ಮಳೆ ಬಂದು ಡೇರೆಗಾರರ ಜಗಲಿಯ ಮಾತು ನೆನಪಾಯಿತು. ನಾಲ್ವರೂ ಚಾಪೆ ಎಳೆದುಕೊಂಡು ಜಗಲಿಗೆ ಓಡಿದೆವು. ಕೋಣೆಯಲ್ಲಿದ್ದ ಅತ್ತೆಯವರು ಕಿಟಕಿಯಿಂದ ನಮ್ಮನ್ನು ನೋಡಿ ಏನೂ ಹೇಳಲಿಲ್ಲ; ಹೇಳಿದ್ದರೇ ವಾಸಿಯಿತ್ತು. ಮಳೆಯ ಮರುದಿನ ನದಿಯ ಕೆಂಪು ನೀರು ಕಡಲಿಗೆ ಸೇರಿ, ತೇಲುವ ಕಟ್ಟಿಗೆ, ಮಡಲುಗಳು ಬರುತ್ತಿದ್ದುದರಿಂದ ತರಬೇತುದಾರರು ಪಾಠ ರದ್ದು ಮಾಡಿದರು. ಭುಜಗಳು ಮೇಲೇಳದಷ್ಟು ನೋಯುತ್ತಿದ್ದ ನನಗೆ ಅದು ವರವಾಯಿತು. ಪ್ರತಿದಿನ ಎಂದು ಹಟ ಹಿಡಿದು ಹೊರಟವನು ನಾನು, ಆದರೆ ಐದು ದಿನದಲ್ಲಿ ಮೂರನೆಯ ದಿನ ಬಿಡುವು ಇರಲೇಬೇಕೆಂದು ಈಗ ಅನಿಸುತ್ತದೆ. ಅಂದು ಬಪ್ಪನಾಡಿಗೂ ಕಟೀಲಿಗೂ ಹೋಗಿ ಬಂದೆವು. ನವರಾತ್ರಿಯ ಜನಸಂದಣಿಯಲ್ಲಿ ಕಟೀಲಿನ ದರ್ಶನಕ್ಕೆ ಎರಡು ಗಂಟೆ ನಿಂತೆವು.

ಮಗಳು ನಾಲ್ಕನೆಯ ದಿನ ಮುರಿಯದ ಹಸಿರು ಅಲೆಯೊಂದನ್ನು ಹಿಡಿದು, ಎದ್ದು ನಿಂತು, ಎಡಕ್ಕೆ ವಾಲಿ ಸುಮಾರು ಐದು ಸೆಕೆಂಡು ಸಾಗಿದಳು. ನಾನು ಐದು ದಿನದಲ್ಲಿ ನಿಂತದ್ದು ಒಟ್ಟು ಹನ್ನೊಂದು ಬಾರಿ, ಅದೂ ನೊರೆಯಲ್ಲಿ. ಹೆಂಡತಿ ನನಗಿಂತ ಚೆನ್ನಾಗಿ ಮಾಡಿದಳು. ಆತುರಪಡದೆ ಅಲೆ ಆರಿಸಿಕೊಳ್ಳುತ್ತಿದ್ದಳು, ನಾನು ಬಂದದ್ದಕ್ಕೆಲ್ಲ ಹಾರುತ್ತಿದ್ದೆ.

ಈಗ ಎರಡು ತಪ್ಪುಗಳು. ಮೊದಲನೆಯದು, ತರಬೇತಿಯ ಹೊರಗೆ ಒಂದು ಸಂಜೆ ಬೇರೆ ಕಡೆಯಿಂದ ಬಾಡಿಗೆಗೆ ತಂದ ಹಲಗೆಯ ಕಾಲಿನ ಪಟ್ಟಿ ಸವೆದಿತ್ತು. ನಾನು ನೋಡಿಕೊಳ್ಳಲಿಲ್ಲ. ಮೊದಲ ಗಟ್ಟಿ ಅಲೆಗೇ ಅದು ಕಿತ್ತುಬಂದು, ಹಲಗೆ ನನ್ನನ್ನು ಬಿಟ್ಟು ದಡ ಸೇರಿತು. ನೀರು ಎದೆಯ ಮಟ್ಟವಿದ್ದುದರಿಂದ ನಡೆದು ಬಂದೆ. ಎರಡನೆಯದು ಐದನೆಯ ದಿನದ್ದು. ದಡಕ್ಕೆ ಓರೆಯಾಗಿ ಬರುವ ಅಲೆ ನೀರನ್ನು ಬದಿಗೂ ತಳ್ಳುತ್ತದೆಯೆಂದು ಗೊತ್ತಿದ್ದರೂ, ಆಟದ ಭರದಲ್ಲಿ ನಾನೂ ಮಗಳೂ ಅಳಿವೆಯ ಕಡೆಗೆ ಜರುಗುತ್ತಿದ್ದುದು ನಮಗೆ ತಿಳಿಯಲೇ ಇಲ್ಲ. ಒಂದು ಸೀಟಿ ಕೇಳಿ ತಿರುಗಿದರೆ ಅತ್ತೆಯವರ ಕೊಡೆ ನಾವು ಎಣಿಸಿದ ಜಾಗದಲ್ಲಿರಲಿಲ್ಲ. ಕೊಡೆ ಅಲ್ಲೇ ಇತ್ತು, ನಾವೇ ನೂರೈವತ್ತು ಹೆಜ್ಜೆ ಸರಿದಿದ್ದೆವು. ನಾವು ನೋಡುತ್ತ ನಿಂತದ್ದನ್ನು ಕಂಡು ಅವರು ಎರಡು ಸಲ ಊದಿದರು. ಹೊರಗೆ ಬಂದ ಮೇಲೆ, ತಾವು ದಿನವೂ ಕೊಡೆಯ ನೇರಕ್ಕೆ ಒಂದು ದೋಣಿಯನ್ನು ಗುರುತಿಟ್ಟುಕೊಂಡು, ಯಾರ ತಲೆ ಅದನ್ನು ದಾಟುತ್ತದೆಂದು ನೋಡುತ್ತಿದ್ದುದಾಗಿ ತಿಳಿಸಿದರು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸದಾಶಿವನಗರದ ಈಜುಗಾರ್ತಿ:

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ದೋಣಿಯ ಗುರುತಿನ ಉಪಾಯವನ್ನು ನನ್ನ ಪಾಠದಲ್ಲಿ ಸೇರಿಸಿಕೊಳ್ಳುತ್ತೇನೆ.

ಬನಶಂಕರಿ ಎರಡನೇ ಹಂತ:

ಜಗಲಿಯ ಪ್ರಸಂಗವನ್ನು ಓದಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಆದರೂ ಕೇಳುತ್ತೇನೆ, ನಿಮ್ಮಂತೆ ಹೋಗುವುದಾದರೆ ನಾವು ಯಾವ ತಿಂಗಳನ್ನು ಆರಿಸಬೇಕು? ನಮ್ಮ ಮಗುವಿಗೆ ಏಳು ವರ್ಷ.

ಅಳಿವೆಬಾಗಿಲು:

ಏಳು ವರ್ಷಕ್ಕೆ ಡಿಸೆಂಬರ್ ಕೊನೆ ಅಥವಾ ಜನವರಿ. ಅಲೆ ಸಣ್ಣದು, ಮಳೆಯಿಲ್ಲ, ನೀರು ತಿಳಿ. ರಾತ್ರಿ ಮಾತ್ರ ಕಡಲ ಕಡೆಗೆ ದೀಪ ಹಾಕಬೇಡಿ. ಆ ಕಾಲದಲ್ಲಿ ಕಡಲಾಮೆ ಮೊಟ್ಟೆಯಿಡಲು ದಡಕ್ಕೆ ಬರುತ್ತದೆ, ಬೆಳಕು ಕಂಡರೆ ಹಿಂದಿರುಗುತ್ತದೆ.

ತ್ಯಾಗರಾಜನಗರದ ಅಪ್ಪ:

ಕೊನೆಯದಾಗಿ ಒಂದು ಸಹಾಯ ಬೇಕು. ಮಕ್ಕಳ ಒತ್ತಾಯಕ್ಕೆ 8 ಅಡಿಯ ಹಳೆಯ ಫೋಮ್ ಹಲಗೆಯೊಂದನ್ನು ಕೊಂಡು ಕಾರಿನ ಮೇಲೆ ಕಟ್ಟಿಕೊಂಡು ತಂದಿದ್ದೇನೆ. ಅದು ನಮ್ಮ ಕಟ್ಟಡದ ಲಿಫ್ಟಿನಲ್ಲಿ ಹಿಡಿಸದೆ ಮೂರು ಮಹಡಿ ಮೆಟ್ಟಿಲು ಹತ್ತಿಸಿದ್ದಾಯಿತು. ದಾರಿಯಲ್ಲಿ ಸಂಘದ ಕಾರ್ಯದರ್ಶಿಗಳು ಹೊಸ ಬಾಗಿಲೇ ಎಂದು ಕೇಳಿದರು. ಈಗ ತಾರಸಿಯಲ್ಲಿ ನಿಲ್ಲಿಸಬಹುದೇ?

ಹಲಸೂರಿನ ಹಲಗೆ:

ತಾರಸಿ ಬೇಡವೇ ಬೇಡ. ಬಿಸಿಲಿಗೆ ಫೋಮ್ ಉಬ್ಬಿ ಪದರ ಬಿಟ್ಟುಕೊಳ್ಳುತ್ತದೆ, ಕಾಲು ಜಾರದಿರಲೆಂದು ಮೇಲೆ ಹಚ್ಚಿದ ಮೇಣ ಕರಗಿ ಇಳಿಯುತ್ತದೆ. ಸಿಹಿನೀರಿನಲ್ಲಿ ತೊಳೆದು, ಮೇಣ ಕೆರೆದು, ಒಣಗಿಸಿ, ಹಳೆಯ ಹೊದಿಕೆಯಲ್ಲಿ ಸುತ್ತಿ ದಿವಾನದ ಹಿಂದೆ ಗೋಡೆಯುದ್ದಕ್ಕೆ ಅಡ್ಡಲಾಗಿ ಮಲಗಿಸಿಡಿ. ಕಾಲಿನ ಪಟ್ಟಿಯನ್ನು ಈಗಲೇ ಬದಲಾಯಿಸಿ.